ಶಸ್ತ್ರಕ್ರಿಯೆಯ ಮೇಲಣ ವಿಕಿರಣ ಚಿಕಿತ್ಸೆ ಮತ್ತು ಮೂತ್ರಾಂಗಗಳ ಉಪದ್ರವಗಳು : ಒಂದು ಐತಿಹಾಸಿಕ ವಿವೇಚನೆ

ಚರಿತ್ರೆಯನ್ನು ಬೋಧಿಸುವವನು ಮೂತ್ರಾಂಗಗಳ ರೋಗವನ್ನು ಕುರಿತು ಬರೆಯಹೊರಟಿರುವುದು ಈ ಸಂಚಿಕೆಯ ವಾಚಕರಲ್ಲಿ ಕೆಲವರಿಗಾದರೂ ವಿಚಿತ್ರವಾಗಿ ತೋರಬಹುದು. ಇದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು, ವೈದ್ಯಚಿಕಿತ್ಸೆಯೂ ಮಾನವನ ಇತರ ಉದ್ಯಮಗಳಂತೆಯೇ ಕಾಲಕ್ರಮದಲ್ಲಿ ಬೆಳೆದುಬಂದದ್ದು; ಒಂದು ಚಿಕಿತ್ಸೆಯಿಂದ ಯಾವ ತೊಂದರೆ ಏಕೆ ಉಂಟಾಗುತ್ತದೆಂಬುದನ್ನು, ಅದು ಬೆಳೆದ ಬಗೆಯನ್ನು ಅರಿತರೆ ಸುಲಭವಾಗಿ ಗ್ರಹಿಸಬಹುದು. ಎರಡನೆಯದು ನನ್ನ ಮನೆಗೆ ಸಂಬಂಧಿಸಿದ್ದು. ಬಸವೇಶ್ವರನಗರದಲ್ಲಿ ವಾಸವಾಗಿರುವ ನನ್ನ ಸೋದರಮಾವನವರು ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗಾಗಿ ಮೊದಲು ಶಸ್ತ್ರಕ್ರಿಯೆಗೂ, ಎರಡು ವರ್ಷಗಳ ತರುವಾಯ ವಿಕಿರಣ ಚಿಕಿತ್ಸೆಗೂ ಒಳಗಾದರು. ರೋಗವು ಹತೋಟಿಗೆ ಬಂದಿತು. ಆದರೆ ಚಿಕಿತ್ಸೆ ಮುಗಿದು ಒಂದೂವರೆ ವರ್ಷ ಕಳೆದ ಮೇಲೆ, ಎಲ್ಲವೂ ಸರಿಹೋಯಿತೆಂದು ನಾವು ನಿಶ್ಚಿಂತರಾಗಿದ್ದಾಗ, ಮೂತ್ರದ ತೊಂದರೆಗಳು ಒಂದೊಂದಾಗಿ ತಲೆದೋರಿದುವು. “ಹೀಗಾಗಬಹುದೆಂದು ಮೊದಲೇ ಯಾರೂ ಹೇಳಲಿಲ್ಲವಲ್ಲ” ಎಂದು ಅವರು ಒಂದು ಸಂಜೆ ನನ್ನನ್ನು ಕೇಳಿದರು. ಹೇಳಿದ್ದರೋ, ಹೇಳಿದ್ದನ್ನು ಇವರು ಕೇಳಿಸಿಕೊಳ್ಳಲಿಲ್ಲವೋ, ನಾನು ಬಲ್ಲವನಲ್ಲ. ಆ ಪ್ರಶ್ನೆಯನ್ನು ಹಿಂಬಾಲಿಸಿ ಹೋದುದರ ಫಲವೇ ಈ ಲೇಖನ.

ಪ್ರಾಸ್ಟೇಟ್ ಎಂಬುದು ಪುರುಷರಲ್ಲಿ ಮಾತ್ರವೇ ಇರುವ, ಅಡಿಕೆಗಿಂತ ತುಸು ದೊಡ್ಡದಾದ ಒಂದು ಗ್ರಂಥಿ. ಅದು ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ ಇದ್ದು, ಮೂತ್ರನಾಳವನ್ನು ಸುತ್ತುವರಿದಿದೆ. ಇಷ್ಟನ್ನು ನೆನಪಿನಲ್ಲಿಟ್ಟರೆ ಮುಂದಿನ ವಿಷಯದ ಅರ್ಧಭಾಗ ತಾನಾಗಿಯೇ ವಿಶದವಾಗುತ್ತದೆ. ಮೂತ್ರವನ್ನು ತಡೆಹಿಡಿಯುವುದಕ್ಕೆ ಪ್ರಕೃತಿಯು ಎರಡು ಬಾಗಿಲುಗಳನ್ನು ಇರಿಸಿದೆ. ಮೂತ್ರಕೋಶದ ಕೊರಳಿನಲ್ಲಿ, ಪ್ರಾಸ್ಟೇಟಿನ ಮೇಲುಗಡೆ, ನಮ್ಮ ಇಚ್ಛೆಗೆ ಒಳಪಡದ ಒಳಗಿನ ವರ್ತುಲ ಸ್ನಾಯುವಿದೆ. ಪ್ರಾಸ್ಟೇಟಿನ ಕೆಳತುದಿಯಲ್ಲಿ, ಬಹುಮಟ್ಟಿಗೆ ನಮ್ಮ ಇಚ್ಛೆಗೆ ಒಳಪಟ್ಟ ಹೊರಗಿನ ವರ್ತುಲ ಸ್ನಾಯುವಿದೆ. ಹಗಲಿರುಳು ನಮಗೆ ಅರಿವಿಲ್ಲದೆಯೇ ಕಾವಲಿರುವುದು ಮೊದಲನೆಯದು. ಕೆಮ್ಮಿದಾಗ, ಭಾರವೆತ್ತಿದಾಗ, ಬಸ್ಸಿನಲ್ಲಿ ಸಿಕ್ಕಿಬಿದ್ದಾಗ ನೆರವಿಗೆ ಬರುವುದು ಎರಡನೆಯದು.

ನಮ್ಮ ಪ್ರಾಚೀನರಿಗೆ ಈ ಪ್ರದೇಶದ ರೋಗಗಳು ತಿಳಿಯದೆ ಇರಲಿಲ್ಲ. ಸುಶ್ರುತ ಸಂಹಿತೆಯು ಮೂತ್ರಾಘಾತವೆಂಬ ಹೆಸರಿನಲ್ಲಿ ಮೂತ್ರದ ತಡೆಗೆ ಸಂಬಂಧಿಸಿದ ಹನ್ನೆರಡು ಬಗೆಗಳನ್ನು ಹೇಳುತ್ತದೆ. ಅವುಗಳಲ್ಲಿ ವಾತಾಷ್ಠೀಲಾ ಎಂಬುದನ್ನು ಈಗಿನ ಆಯುರ್ವೇದ ವಿದ್ವಾಂಸರು ಪ್ರಾಸ್ಟೇಟಿನ ಊತದೊಡನೆ ಸಮೀಕರಿಸುವುದುಂಟು. ಸಮೀಕರಣವು ಆಕರ್ಷಕವಾಗಿದೆ. ಆದರೆ ಲಕ್ಷಣಗಳ ಸಾಮ್ಯದಿಂದ ರೋಗದ ಐಕ್ಯವನ್ನು ಸಾಧಿಸಹೊರಡುವುದು ನಾಣ್ಯದ ಮೇಲಿನ ಅರ್ಧ ಅಕ್ಷರದಿಂದ ಒಂದು ರಾಜವಂಶವನ್ನೇ ಸೃಷ್ಟಿಸಿದಂತೆ ಆದೀತು. ಕ್ಯಾನ್ಸರಿನ ಮಾತಂತೂ ಅಲ್ಲಿಲ್ಲ. ಆ ಚರ್ಚೆಯನ್ನು ಇಲ್ಲಿಗೇ ಬಿಡೋಣ.

ಗ್ರಂಥಿಯನ್ನು ಸಮೂಲವಾಗಿ ತೆಗೆದುಹಾಕುವ ಶಸ್ತ್ರಕ್ರಿಯೆಯನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಹ್ಯೂ ಹ್ಯಾಂಪ್ಟನ್ ಯಂಗ್ ೧೯೦೪ರಲ್ಲಿ ನೆರವೇರಿಸಿದನು. ನಾಲ್ಕು ದಶಕಗಳ ಅನಂತರ ಟೆರೆನ್ಸ್ ಮಿಲಿನ್ ಎಂಬ ಐರಿಷ್ ಶಸ್ತ್ರವೈದ್ಯನು ಹೊಟ್ಟೆಯ ಕೆಳಭಾಗದಿಂದ ಗ್ರಂಥಿಯನ್ನು ತಲಪುವ ಮಾರ್ಗವನ್ನು ರೂಢಿಗೆ ತಂದನು. ಆದರೂ ಬಹಳ ಕಾಲದವರೆಗೆ ಇದು ರಕ್ತಸ್ರಾವಕ್ಕೂ, ಮೂತ್ರದ ಹತೋಟಿ ತಪ್ಪುವುದಕ್ಕೂ ಹೆಸರಾದ ಶಸ್ತ್ರಕ್ರಿಯೆಯಾಗಿಯೇ ಉಳಿಯಿತು. ೧೯೮೨ರಲ್ಲಿ ಅದೇ ಜಾನ್ಸ್ ಹಾಪ್ಕಿನ್ಸಿನ ಪ್ಯಾಟ್ರಿಕ್ ವಾಲ್ಷ್, ಗ್ರಂಥಿಯ ಇಕ್ಕೆಲಗಳಲ್ಲಿ ಹಾದುಹೋಗುವ ಸೂಕ್ಷ್ಮ ನರಗಳನ್ನು ಉಳಿಸಿಕೊಂಡು ಮಾಡುವ ಕ್ರಮವನ್ನು ಸಾಧಿಸಿದ ಮೇಲೆ ಇದರ ಸ್ಥಿತಿ ಸುಧಾರಿಸಿತು. ಈಗ ಬೆಂಗಳೂರಿನ ಹಲವು ಆಸ್ಪತ್ರೆಗಳಲ್ಲಿ ಯಂತ್ರತೋಳುಗಳ ನೆರವಿನಿಂದಲೂ ಈ ಶಸ್ತ್ರಕ್ರಿಯೆ ನಡೆಯುತ್ತದೆ.

ವಿಕಿರಣ ಚಿಕಿತ್ಸೆಯ ಕಥೆ ಬೇರೆ ದಾರಿಯಲ್ಲಿ ನಡೆದು ಬಂದದ್ದು. ರಂಟ್‌ಜನ್ ಎಕ್ಸ್ ಕಿರಣಗಳನ್ನು ಕಂಡುಹಿಡಿದದ್ದು ೧೮೯೫ರಲ್ಲಿ. ಕ್ಯೂರಿ ದಂಪತಿಗಳು ರೇಡಿಯಮ್ಮನ್ನು ಪ್ರಕಟಿಸಿದ್ದು ೧೮೯೮ರಲ್ಲಿ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿಯೇ ರೇಡಿಯಮ್ಮನ್ನು ಮೂತ್ರನಾಳದ ಮೂಲಕ ಪ್ರಾಸ್ಟೇಟಿನ ಬಳಿಗೆ ಒಯ್ದು ಚಿಕಿತ್ಸೆ ನೀಡುವ ಪ್ರಯತ್ನಗಳು ನಡೆದಿದ್ದುವು. ಆಗಿನ ಕಿರಣಗಳು ಆಳಕ್ಕೆ ಇಳಿಯಲಾರದೆ ಮೇಲುಚರ್ಮವನ್ನೇ ಸುಡುತ್ತಿದ್ದುದರಿಂದ ಹೊರಗಿನಿಂದ ಕೊಡುವ ಚಿಕಿತ್ಸೆ ಹೆಚ್ಚು ಫಲಕಾರಿಯಾಗಲಿಲ್ಲ. ೧೯೪೧ರಲ್ಲಿ ಚಾರ್ಲ್ಸ್ ಹಗಿನ್ಸ್, ಈ ಕ್ಯಾನ್ಸರು ಪುರುಷ ಹಾರ್ಮೋನನ್ನು ಅವಲಂಬಿಸಿ ಬೆಳೆಯುತ್ತದೆಂದು ತೋರಿಸಿಕೊಟ್ಟು, ಅದಕ್ಕಾಗಿ ೧೯೬೬ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಆ ಶೋಧವು ಕೆಲಕಾಲ ವಿಕಿರಣವನ್ನು ಹಿಂದಕ್ಕೆ ಸರಿಸಿತೆಂದೇ ಹೇಳಬೇಕು. ೧೯೫೧ರಲ್ಲಿ ಕೆನಡಾ ದೇಶದಲ್ಲಿ ಕೋಬಾಲ್ಟ್ ಯಂತ್ರವೂ, ಆ ದಶಕದಲ್ಲಿಯೇ ಲೀನಿಯರ್ ಆಕ್ಸಿಲರೇಟರ್ ಎಂಬ ಯಂತ್ರವೂ ಬಳಕೆಗೆ ಬಂದ ಮೇಲೆ ದೇಹದ ಆಳದಲ್ಲಿರುವ ಪ್ರಾಸ್ಟೇಟನ್ನು ಹೊರಗಿನಿಂದಲೇ ತಲಪುವುದು ಸಾಧ್ಯವಾಯಿತು.

ಈ ಎರಡು ಧಾರೆಗಳು ಒಂದೇ ರೋಗಿಯ ದೇಹದಲ್ಲಿ ಸಂಧಿಸಿದ್ದು ಹೇಗೆ? ಇಲ್ಲಿ ಒಂದು ರಕ್ತಪರೀಕ್ಷೆಯ ಪ್ರಸ್ತಾಪ ಅವಶ್ಯಕ. ಪಿ. ಎಸ್. ಎ. ಎಂಬ ಪ್ರೋಟೀನನ್ನು ಪ್ರಾಸ್ಟೇಟಿನಿಂದ ಶುದ್ಧರೂಪದಲ್ಲಿ ಬೇರ್ಪಡಿಸಿದ್ದು ೧೯೭೯ರಲ್ಲಿ. ಅಮೆರಿಕದಲ್ಲಿ ೧೯೮೬ರಲ್ಲಿ ರೋಗದ ಮೇಲ್ವಿಚಾರಣೆಗೂ, ೧೯೯೪ರಲ್ಲಿ ರೋಗದ ಶೋಧಕ್ಕೂ ಇದಕ್ಕೆ ಮನ್ನಣೆ ದೊರೆಯಿತು. ಗ್ರಂಥಿಯನ್ನು ಪೂರ್ತಿಯಾಗಿ ತೆಗೆದುಹಾಕಿದ ಮೇಲೆ ರಕ್ತದಲ್ಲಿ ಈ ವಸ್ತು ಇಲ್ಲವೆನ್ನುವಷ್ಟು ಇಳಿಯಬೇಕು. ಇಳಿಯದಿದ್ದರೆ, ಅಥವಾ ಇಳಿದದ್ದು ಮತ್ತೆ ಏರತೊಡಗಿದರೆ, ಕ್ಯಾನ್ಸರಿನ ಕಣಗಳು ಎಲ್ಲೋ ಉಳಿದಿವೆಯೆಂದು ಅರ್ಥ. ಒಂದು ಮಿಲಿಲೀಟರಿಗೆ ೦.೨ ನ್ಯಾನೋಗ್ರಾಂ ಎಂಬ ಅತ್ಯಲ್ಪ ಪ್ರಮಾಣವೇ ಸಾಮಾನ್ಯವಾಗಿ ಎಚ್ಚರಿಕೆಯ ಗಡಿಯೆನಿಸಿದೆ. ರೋಗಿಗೆ ಯಾವ ನೋವೂ ಇರುವುದಿಲ್ಲ. ಕಾಗದದ ಮೇಲಿನ ಒಂದು ಸಂಖ್ಯೆ ಮಾತ್ರ ಏರಿರುತ್ತದೆ. ಆ ಸಂಖ್ಯೆಯ ಆಧಾರದಿಂದ, ಗ್ರಂಥಿಯು ಮೊದಲು ಇದ್ದು ಈಗ ಬರಿದಾಗಿರುವ ತಾಣಕ್ಕೆ ವಿಕಿರಣವನ್ನು ಕೊಡುತ್ತಾರೆ. ಸಾಮಾನ್ಯವಾಗಿ ವಾರಕ್ಕೆ ಐದು ದಿನಗಳಂತೆ ಆರೂವರೆಯಿಂದ ಏಳು ವಾರಗಳ ಕಾಲ, ದಿನಕ್ಕೆ ಸುಮಾರು ೨ ಗ್ರೇ ಮಾನದಂತೆ ಒಟ್ಟು ೬೪ರಿಂದ ೭೦ ಗ್ರೇ ಪ್ರಮಾಣ ಸಲ್ಲುತ್ತದೆ. ನಾಲ್ಕೈದು ವಾರಗಳಲ್ಲಿ ಮುಗಿಸುವ ಸಂಕ್ಷಿಪ್ತ ಕ್ರಮಗಳೂ ಈಚೆಗೆ ಬಳಕೆಗೆ ಬಂದಿವೆ.

ಈಗ ಮುಖ್ಯ ವಿಷಯ. ಶಸ್ತ್ರಕ್ರಿಯೆಯಾಗದ ರೋಗಿಗೆ ವಿಕಿರಣ ಕೊಟ್ಟಾಗ ಆಗುವುದಕ್ಕೂ, ಶಸ್ತ್ರಕ್ರಿಯೆಯಾದ ರೋಗಿಗೆ ಕೊಟ್ಟಾಗ ಆಗುವುದಕ್ಕೂ ವ್ಯತ್ಯಾಸವೇಕೆ? ಗ್ರಂಥಿಯನ್ನು ತೆಗೆಯುವಾಗ ಅದರ ನಡುವೆ ಹಾದುಹೋಗುವ ಮೂತ್ರನಾಳದ ಭಾಗವೂ ಅದರೊಡನೆ ಹೋಗುತ್ತದೆ. ಶಸ್ತ್ರವೈದ್ಯನು ಮೂತ್ರಕೋಶವನ್ನು ಕೆಳಕ್ಕೆ ಎಳೆದು, ಉಳಿದ ಮೂತ್ರನಾಳದ ತುದಿಗೆ ಹೊಲಿದು ಜೋಡಿಸುತ್ತಾನೆ. ಇದರಿಂದ ಮೂರು ಪರಿಣಾಮಗಳಾಗುತ್ತವೆ. ಒಳಗಿನ ಬಾಗಿಲು ಬಹುಮಟ್ಟಿಗೆ ನಷ್ಟವಾಗಿ, ಹಗಲಿರುಳಿನ ಕಾವಲೆಲ್ಲ ಹೊರಗಿನ ಸ್ನಾಯುವೊಂದರ ಮೇಲೆ ಬೀಳುತ್ತದೆ. ಮೊದಲು ಮೇಲಿದ್ದ ಮೂತ್ರಕೋಶದ ಕೊರಳು ಈಗ ಗ್ರಂಥಿಯಿದ್ದ ತಾಣಕ್ಕೇ ಇಳಿದಿರುವುದರಿಂದ, ಆ ತಾಣಕ್ಕೆ ಕೊಡುವ ವಿಕಿರಣವು ಅದನ್ನು ತಪ್ಪಿಸಿ ಹೋಗಲಾರದು. ಹೊಲಿಗೆ ಹಾಕಿದ ಸಂಧಿಯಲ್ಲಿ ಗಾಯ ಮಾದು ಕಲೆಗಟ್ಟಿದ ಅಂಗಾಂಶವಿದ್ದು, ಅದಕ್ಕೆ ರಕ್ತದ ಪೂರೈಕೆ ಮೊದಲೇ ಕಡಿಮೆ. ಕ್ಯಾನ್ಸರು ಮರುಕಳಿಸುವುದು ಹೆಚ್ಚಾಗಿ ಈ ಸಂಧಿಯ ಆಸುಪಾಸಿನಲ್ಲಿಯೇ ಆದುದರಿಂದ ವಿಕಿರಣತಜ್ಞನು ಅದನ್ನು ಬಿಟ್ಟುಬಿಡುವಂತೆಯೂ ಇಲ್ಲ. ಗುರಿಯೂ ಅದೇ, ರಕ್ಷಿಸಬೇಕಾದದ್ದೂ ಅದೇ.

ಉಪದ್ರವಗಳನ್ನು ವೈದ್ಯರು ಬೇಗನೆ ಬರುವುವು, ತಡವಾಗಿ ಬರುವುವು ಎಂದು ಎರಡಾಗಿ ವಿಂಗಡಿಸುತ್ತಾರೆ. ಮೊದಲನೆಯ ಬಗೆಯವು ಚಿಕಿತ್ಸೆಯ ಎರಡನೆಯ ಅಥವಾ ಮೂರನೆಯ ವಾರದಲ್ಲಿ ಆರಂಭವಾಗುತ್ತವೆ: ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ರಾತ್ರಿ ಮೂರು ನಾಲ್ಕು ಸಲ ಏಳುವುದು, ಉರಿ, ತಡೆಯಲಾರದ ಅವಸರ. ಮೂತ್ರಕೋಶದ ಒಳಪೊರೆ ಕೆರಳಿ ಊದಿಕೊಳ್ಳುವುದೇ ಇದಕ್ಕೆ ಕಾರಣ. ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಇವು ಬಹುಮಂದಿಯಲ್ಲಿ ಶಮನವಾಗುತ್ತವೆ. ಇವುಗಳ ವಿಷಯವಾಗಿ ಹೆಚ್ಚು ಹೇಳಬೇಕಾದದ್ದಿಲ್ಲ. ಮೂತ್ರವನ್ನು ಪರೀಕ್ಷಿಸಿ ಸೋಂಕು ಇಲ್ಲವೆಂದು ಖಚಿತಪಡಿಸಿಕೊಳ್ಳುವುದು, ಮೂತ್ರಕೋಶದ ಸೆಳೆತವನ್ನು ಕುಗ್ಗಿಸುವ ಗುಳಿಗೆಗಳು, ಸಾಕಷ್ಟು ನೀರು. ಕಾಫಿ ಚಹಗಳನ್ನು ಕಡಿಮೆ ಮಾಡುವುದು. ಕೊನೆಯದನ್ನು ಹೇಳುವುದು ಸುಲಭ. ಬೆಳಗಿನ ಫಿಲ್ಟರ್ ಕಾಫಿಯನ್ನು ಬಿಡಿರೆಂದು ನನ್ನ ಮಾವನವರಿಗೆ ಹೇಳಿದಾಗ ಅವರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ.

ಎರಡನೆಯ ಬಗೆಯವೇ ನಿಜವಾಗಿ ವಿಚಾರಕ್ಕೆ ಅರ್ಹವಾದುವು. ವಿಕಿರಣವು ಅಂಗಾಂಶದಲ್ಲಿನ ಅತಿ ಸೂಕ್ಷ್ಮ ರಕ್ತನಾಳಗಳ ಒಳಪೊರೆಗೆ ಪೆಟ್ಟು ಕೊಡುತ್ತದೆ. ಆ ನಾಳಗಳು ವರ್ಷಗಳ ಅವಧಿಯಲ್ಲಿ ದಪ್ಪಗಟ್ಟಿ, ಕಿರಿದಾಗಿ, ಕೆಲವು ಮುಚ್ಚಿಹೋಗುತ್ತವೆ. ರಕ್ತವೂ ಆಮ್ಲಜನಕವೂ ಸಾಲದೆ ಮೃದುವಾದ ಸ್ನಾಯು ನಾರುಗಟ್ಟುತ್ತದೆ. ಬದಲಿಗೆ ಹುಟ್ಟುವ ಹೊಸ ರಕ್ತನಾಳಗಳು ದುರ್ಬಲವಾಗಿದ್ದು ಸುಲಭವಾಗಿ ಒಡೆಯುತ್ತವೆ. ಚರ್ಮದ ಅಥವಾ ಕರುಳಿನ ಒಳಪೊರೆಯ ಜೀವಕೋಶಗಳು ಬೇಗ ಬೇಗ ಹೊಸದಾಗುವುದರಿಂದ ಅಲ್ಲಿ ಪೆಟ್ಟು ಕೂಡಲೇ ಕಾಣುತ್ತದೆ. ಮೂತ್ರಕೋಶದ ಒಳಪೊರೆ ನಿಧಾನವಾಗಿ ಹೊಸದಾಗುವಂಥದು, ಆದುದರಿಂದ ಅಲ್ಲಿ ಹಾನಿಯೂ ನಿಧಾನವಾಗಿ ಬಯಲಾಗುತ್ತದೆ. ಆರು ತಿಂಗಳ ಮೇಲೆ ಬರಬಹುದು, ಮೂರು ವರ್ಷಗಳ ಮೇಲೆ ಬರಬಹುದು, ಹತ್ತು ವರ್ಷಗಳು ಕಳೆದ ಮೇಲೂ ಬಂದದ್ದುಂಟು. ಕಾರಣಕ್ಕೂ ಕಾರ್ಯಕ್ಕೂ ನಡುವೆ ಇಷ್ಟು ದೀರ್ಘವಾದ ಅಂತರವಿದ್ದಾಗ ಎರಡನ್ನೂ ಜೋಡಿಸುವ ದಾಖಲೆ ಕಳೆದುಹೋಗುವುದು ಸ್ವಾಭಾವಿಕ. ಚಿಕಿತ್ಸೆಯ ಕಾಗದಗಳು ಮನೆ ಬದಲಾಯಿಸುವಾಗ ರದ್ದಿಗೆ ಹೋಗುತ್ತವೆ. ರೋಗಿ ಬೇರೊಬ್ಬ ವೈದ್ಯನ ಬಳಿಗೆ ಹೋಗಿ, ಐದು ವರ್ಷಗಳ ಹಿಂದಿನ ವಿಕಿರಣದ ವಿಷಯವನ್ನು ಹೇಳುವ ಅಗತ್ಯವೇ ಕಾಣದೆ, ‘ಸಕ್ಕರೆ ಕಾಯಿಲೆಯಿಂದಿರಬೇಕು’ ಎಂದು ತಾನೇ ತೀರ್ಮಾನಿಸಿಬಿಡುತ್ತಾನೆ.

ತಡವಾಗಿ ಬರುವ ಉಪದ್ರವಗಳಲ್ಲಿ ಮೂರು ಪ್ರಮುಖವಾದುವು. ಮೊದಲನೆಯದು ಮೂತ್ರವು ತಾನಾಗಿ ಸೋರುವುದು. ಶಸ್ತ್ರಕ್ರಿಯೆಯಾದ ಕೂಡಲೆ ಹೆಚ್ಚು ಕಡಮೆ ಎಲ್ಲರಿಗೂ ಸ್ವಲ್ಪ ಸೋರಿಕೆ ಇರುತ್ತದೆ. ಒಂದು ವರ್ಷದೊಳಗಾಗಿ ಬಹುಮಂದಿ ಹತೋಟಿಯನ್ನು ಮರಳಿ ಪಡೆಯುತ್ತಾರೆ. ಹೀಗೆ ಕಷ್ಟಪಟ್ಟು ಪಡೆದ ಹತೋಟಿಯನ್ನು ವಿಕಿರಣವು ಮತ್ತೆ ಸಡಿಲಗೊಳಿಸಬಹುದು. ಇನ್ನೂ ಪೂರ್ಣವಾಗಿ ಮರಳಿಲ್ಲದವರಲ್ಲಿ ಅದರ ಪ್ರಗತಿಯನ್ನು ಅಲ್ಲಿಗೇ ನಿಲ್ಲಿಸಬಹುದು. ಉಳಿದಿರುವ ಒಂದೇ ಸ್ನಾಯು ನಾರುಗಟ್ಟಿದರೆ ಬಿಗಿಯಾಗಿ ಮುಚ್ಚಿಕೊಳ್ಳಲಾರದು. ಜೊತೆಗೆ ಮೂತ್ರಕೋಶವೂ ಗಡುಸಾಗಿ ಹಿಡಿಸುವ ಪ್ರಮಾಣ ಕಡಿಮೆಯಾದರೆ ಒಳಗಿನ ಒತ್ತಡ ಹೆಚ್ಚುತ್ತದೆ. ಎರಡನೆಯದು ಇದಕ್ಕೆ ವಿರುದ್ಧವಾದದ್ದು: ಹೊಲಿದ ಸಂಧಿಯು ಕಲೆಗಟ್ಟಿ ಕಿರಿದಾಗಿ ಮೂತ್ರವು ಸಣ್ಣ ಎಳೆಯಾಗಿ, ತಡೆತಡೆದು ಬರುವುದು, ಒಮ್ಮೊಮ್ಮೆ ಪೂರ್ತಿಯಾಗಿ ನಿಂತುಬಿಡುವುದು. ಕಿರಿದಾದ ದಾರಿಯನ್ನು ಕೊಯ್ದು ಅಗಲ ಮಾಡಿದರೆ ಸೋರಿಕೆ ಹೆಚ್ಚಾಗುವ ಭಯ; ಮಾಡದಿದ್ದರೆ ತಡೆಯ ಭಯ. ಒಬ್ಬನೇ ರೋಗಿಯಲ್ಲಿ ತಡೆಯೂ ಸೋರಿಕೆಯೂ ಒಟ್ಟಿಗೆ ಇರುವುದು ವಿರೋಧಾಭಾಸದಂತೆ ಕಂಡರೂ ವಸ್ತುಸ್ಥಿತಿ ಹಾಗೆಯೇ ಇದೆ.

ಮೂರನೆಯದು ಮೂತ್ರದಲ್ಲಿ ರಕ್ತ ಕಾಣುವುದು. ನೋವಿಲ್ಲದೆ, ಯಾವ ಸೂಚನೆಯೂ ಇಲ್ಲದೆ, ಒಂದು ಬೆಳಗ್ಗೆ ಮೂತ್ರವು ಕೆಂಪಾಗಿ ಹೋಗಬಹುದು. ಬಹುಮಟ್ಟಿಗೆ ಇದು ವಿಕಿರಣದಿಂದ ದುರ್ಬಲವಾದ ರಕ್ತನಾಳ ಒಡೆದದ್ದರಿಂದಲೇ ಆದರೂ, ಹಾಗೆಂದು ಊಹಿಸಿ ಸುಮ್ಮನಿರುವುದು ಅಪಾಯಕರ. ಸೋಂಕು, ಕಲ್ಲು, ಮೂತ್ರಕೋಶದ್ದೇ ಆದ ಹೊಸ ಗಡ್ಡೆ, ಇವುಗಳಿಂದಲೂ ರಕ್ತ ಕಾಣಬಹುದು. ವಸ್ತಿಪ್ರದೇಶಕ್ಕೆ ವಿಕಿರಣ ಪಡೆದವರಲ್ಲಿ ಮೂತ್ರಕೋಶದ ಕ್ಯಾನ್ಸರಿನ ಸಂಭವ ಸ್ವಲ್ಪ ಹೆಚ್ಚೆಂದೂ ತಿಳಿದುಬಂದಿದೆ. ಆದುದರಿಂದ ನಳಿಕೆಯ ಮೂಲಕ ಒಳಗೆ ನೋಡುವ ಪರೀಕ್ಷೆ ಸಾಮಾನ್ಯವಾಗಿ ಅವಶ್ಯಕವಾಗುತ್ತದೆ. ಹೆಪ್ಪುಗಟ್ಟಿದ ರಕ್ತವು ದಾರಿಯನ್ನು ಮುಚ್ಚಿ ಮೂತ್ರ ನಿಂತರೆ ಅದು ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ. ಹೃದ್ರೋಗಕ್ಕಾಗಿ ರಕ್ತವನ್ನು ತೆಳುವಾಗಿಸುವ ಔಷಧಿ ಸೇವಿಸುವವರು, ಸಕ್ಕರೆ ಕಾಯಿಲೆಯವರು, ಧೂಮಪಾನಿಗಳು ಈ ವಿಷಯದಲ್ಲಿ ಹೆಚ್ಚು ಜಾಗರೂಕರಾಗಿರಬೇಕು. ನಮ್ಮ ನಗರದಲ್ಲಿ ಎಪ್ಪತ್ತು ದಾಟಿದ ಪುರುಷರಲ್ಲಿ ಈ ಮೂರರಲ್ಲಿ ಒಂದಾದರೂ ಇಲ್ಲದವರು ಎಷ್ಟು ಮಂದಿ ಸಿಕ್ಕಾರು?

ಇಲ್ಲಿ ಇನ್ನೊಂದು ಬಗೆಯ ಪೂರ್ವಶಸ್ತ್ರಕ್ರಿಯೆಯನ್ನೂ ಹೇಳಬೇಕು. ವಯಸ್ಸಾದವರಲ್ಲಿ ಕ್ಯಾನ್ಸರಲ್ಲದ ಸಾಮಾನ್ಯ ಊತದಿಂದ ಮೂತ್ರ ಕಟ್ಟಿದಾಗ, ಮೂತ್ರನಾಳದ ಮೂಲಕವೇ ಉಪಕರಣವನ್ನು ಒಯ್ದು ಗ್ರಂಥಿಯ ಒಳಭಾಗವನ್ನು ಕೆರೆದು ತೆಗೆಯುವ ಕ್ರಮವಿದೆ. ಹೀಗೆ ತೆಗೆದ ಚೂರುಗಳನ್ನು ಪರೀಕ್ಷಿಸಿದಾಗ ಅನಿರೀಕ್ಷಿತವಾಗಿ ಕ್ಯಾನ್ಸರ್ ಕಂಡುಬರುವುದೂ ಉಂಟು. ಅನಂತರ ವಿಕಿರಣ ಕೊಡಬೇಕಾಗಿ ಬಂದರೆ, ಆ ಗಾಯ ಮಾಯುವವರೆಗೆ ಕಾಯುವುದು ಅವಶ್ಯಕ. ಕಾಯದೆ ಕೊಟ್ಟರೆ ನಾಳ ಕಿರಿದಾಗುವ, ಹತೋಟಿ ತಪ್ಪುವ ಸಂಭವ ಹೆಚ್ಚು. ಆದುದರಿಂದ ಹತ್ತು ವರ್ಷಗಳ ಹಿಂದೆ ಆಗಿದ್ದ ‘ಸಣ್ಣ’ ಶಸ್ತ್ರಕ್ರಿಯೆಯನ್ನೂ ವಿಕಿರಣತಜ್ಞನಿಗೆ ತಿಳಿಸದೆ ಇರಬಾರದು.

ಹಾಗಾದರೆ ಶಸ್ತ್ರಕ್ರಿಯೆಯಾದ ಕೂಡಲೇ ಮುನ್ನೆಚ್ಚರಿಕೆಯಾಗಿ ವಿಕಿರಣ ಕೊಡುವುದು ಲೇಸೋ, ಪಿ. ಎಸ್. ಎ. ಏರುವವರೆಗೆ ಕಾದು ಕೊಡುವುದು ಲೇಸೋ? ಇದು ಮೂವತ್ತು ವರ್ಷಗಳ ಕಾಲ ನಡೆದ ವಾದ. ಮೊದಮೊದಲ ಪ್ರಯೋಗಗಳು ಕೂಡಲೇ ಕೊಡುವುದರ ಪರವಾಗಿದ್ದಂತೆ ತೋರಿದುವು. ಆದರೆ ಅವುಗಳಲ್ಲಿ ‘ಕಾದು ಕೊಡುವ’ ಪಕ್ಷದವರಿಗೆ ಸಕಾಲದಲ್ಲಿ ಚಿಕಿತ್ಸೆ ದೊರೆತಿರಲಿಲ್ಲವೆಂಬ ಆಕ್ಷೇಪ ನ್ಯಾಯವಾದದ್ದೇ. ಕೊನೆಗೆ ೨೦೨೦ರಲ್ಲಿ ಮೂರು ದೊಡ್ಡ ಪ್ರಯೋಗಗಳ ಫಲಿತಾಂಶಗಳು ಪ್ರಕಟವಾದುವು. ಬ್ರಿಟನ್, ಕೆನಡಾ, ಡೆನ್ಮಾರ್ಕ್, ಐರ್ಲೆಂಡ್ ದೇಶಗಳ ೧,೩೯೬ ಮಂದಿಯನ್ನು ಒಳಗೊಂಡ ರ್ಯಾಡಿಕಲ್ಸ್ ಎಂಬ ಪ್ರಯೋಗದಲ್ಲಿ ಐದು ವರ್ಷಗಳ ಹೊತ್ತಿಗೆ ರೋಗದ ಹತೋಟಿ ಕೂಡಲೇ ಪಡೆದವರಲ್ಲಿ ೧೦೦ಕ್ಕೆ ೮೫, ಕಾದವರಲ್ಲಿ ೮೮, ವ್ಯತ್ಯಾಸವಿಲ್ಲವೆಂದೇ ಹೇಳಬಹುದು. ಆದರೆ ಮೊದಲ ಎರಡು ವರ್ಷಗಳಲ್ಲಿ ಮೂತ್ರನಾಳವು ತೀವ್ರವಾಗಿ ಕಿರಿದಾದದ್ದು ಕೂಡಲೇ ಪಡೆದವರಲ್ಲಿ ೧೦೦ಕ್ಕೆ ೬ ಮಂದಿಗೆ, ಕಾದವರಲ್ಲಿ ೪ ಮಂದಿಗೆ. ಒಂದು ವರ್ಷದ ಹೊತ್ತಿಗೆ ಸೋರಿಕೆಯೂ ಮೊದಲನೆಯವರಲ್ಲಿಯೇ ಹೆಚ್ಚು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ದೇಶಗಳಲ್ಲಿ ೩೩೩ ಮಂದಿಯ ಮೇಲೆ ನಡೆದ ರೇವ್ಸ್ ಪ್ರಯೋಗದಲ್ಲಿ ಗಮನಾರ್ಹವಾದ ಮೂತ್ರಜನನಾಂಗಗಳ ಉಪದ್ರವ ಕೂಡಲೇ ಪಡೆದವರಲ್ಲಿ ೧೦೦ಕ್ಕೆ ೭೦, ಕಾದವರಲ್ಲಿ ೫೪. ಅಷ್ಟೇ ಅಲ್ಲ, ಕಾದವರಲ್ಲಿ ಅನೇಕರಿಗೆ ಆ ಅವಧಿಯಲ್ಲಿ ವಿಕಿರಣದ ಅವಶ್ಯಕತೆಯೇ ಬೀಳಲಿಲ್ಲ.

ಈ ಅಂಕಿಗಳನ್ನು ಓದುವಾಗ ಎರಡು ಎಚ್ಚರಗಳು ಬೇಕು. ಕಾಯುವುದೆಂದರೆ ಅಲಕ್ಷ್ಯ ಮಾಡುವುದೆಂದಲ್ಲ. ನಿಯತಕಾಲದಲ್ಲಿ ರಕ್ತಪರೀಕ್ಷೆ ಮಾಡಿಸುತ್ತ, ಸಂಖ್ಯೆ ಏರತೊಡಗಿದೊಡನೆ, ಅದು ಇನ್ನೂ ಅಲ್ಪವಾಗಿರುವಾಗಲೇ ಚಿಕಿತ್ಸೆ ಪಡೆಯುವುದೆಂದು ಅರ್ಥ. ಹೆಚ್ಚು ಉಗ್ರವಾದ ಲಕ್ಷಣಗಳುಳ್ಳ ರೋಗಿಗಳ ವಿಷಯದಲ್ಲಿ ವೈದ್ಯರು ಈಗಲೂ ಕಾಯದೆ ಇರಬಹುದು. ಮತ್ತು ಇವು ಹೊರದೇಶಗಳ ಅಂಕಿಗಳು. ತಪ್ಪದೆ ಪರೀಕ್ಷೆಗೆ ಬರುವ, ಬಾರದಿದ್ದರೆ ಪತ್ರ ಬರೆದು ಕರೆಸುವ ವ್ಯವಸ್ಥೆಯಿರುವ ಕಡೆ ಕಾಯುವುದು ಕ್ಷೇಮಕರ. ಅದಿಲ್ಲದ ಕಡೆ ಕಾಯುವ ಸಲಹೆಯ ಹೊಣೆಯನ್ನು ರೋಗಿಯ ಮನೆಯವರೇ ಹೊರಬೇಕಾಗುತ್ತದೆ.

ನಮ್ಮ ಕಡೆಯ ಅಂಕಿಗಳೆಲ್ಲಿ? ಈ ಪ್ರಶ್ನೆಗೆ ಉತ್ತರಿಸಲು ಬೆಂಗಳೂರಿನಲ್ಲಿ ಒಂದು ಉತ್ತಮ ಆಕರವಿದೆ. ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನಲ್ಲಿ ೧೯೭೩ರಲ್ಲಿ ಸ್ಥಾಪಿತವಾಗಿ, ೧೯೮೦ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ನಡೆಯುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಯೋಜನೆಯಂತೆ ಮುಂಬಯಿ, ಬೆಂಗಳೂರು, ಮದರಾಸುಗಳಲ್ಲಿ ೧೯೮೨ರ ಜನವರಿಯಿಂದ ಜನಸಂಖ್ಯಾಧಾರಿತ ನೋಂದಣಿ ಆರಂಭವಾಯಿತು. ಅಂದರೆ ನಾಲ್ಕು ದಶಕಗಳಿಗೂ ಮೀರಿದ ಅವಿಚ್ಛಿನ್ನ ದಾಖಲೆ. ಚರಿತ್ರಕಾರನಿಗೆ ಇದು ಶಾಸನಗಳ ಸಂಪುಟಗಳಷ್ಟೇ ಬೆಲೆಯುಳ್ಳದ್ದು. ಪ್ರಾಸ್ಟೇಟ್ ಕ್ಯಾನ್ಸರಿನ ಪ್ರಮಾಣ ನಗರದಲ್ಲಿ ಏರುತ್ತ ಬಂದಿರುವುದು ಈ ದಾಖಲೆಯಿಂದ ಸ್ಪಷ್ಟವಾಗುತ್ತದೆ. ಆಯುಷ್ಯ ಹೆಚ್ಚಿದ್ದು, ರಕ್ತಪರೀಕ್ಷೆ ಸುಲಭವಾಗಿ ದೊರೆಯುವಂತಾದದ್ದು, ಎರಡೂ ಇದರಲ್ಲಿ ಸೇರಿರಬೇಕು.

ಆದರೆ ನೋಂದಣಿಯು ದಾಖಲಿಸುವುದು ರೋಗ ಪತ್ತೆಯಾದುದನ್ನು, ಮರಣವನ್ನು. ಇವೆರಡರ ನಡುವೆ ಮನುಷ್ಯ ಬದುಕಿದ ಹತ್ತು ಹದಿನೈದು ವರ್ಷಗಳಲ್ಲಿ ಅವನು ರಾತ್ರಿ ಎಷ್ಟು ಸಲ ಎದ್ದನು, ಎಷ್ಟು ಮದುವೆಗಳಿಗೆ ಹೋಗದೆ ಉಳಿದನು ಎಂಬುದು ಯಾವ ಪುಸ್ತಕದಲ್ಲಿಯೂ ಇಲ್ಲ. ನೋಂದಣಿಯ ಮೇಲೆ ಇದು ದೋಷಾರೋಪಣೆಯಲ್ಲ. ಅದರ ಉದ್ದೇಶವೇ ಬೇರೆ. ರಾಜರ ಪಟ್ಟಾಭಿಷೇಕವನ್ನೂ ಮರಣವನ್ನೂ ಹೇಳಿ ನಡುವಣ ಪ್ರಜೆಗಳ ಬಾಳನ್ನು ಬಿಡುವ ವಂಶಾವಳಿಗಳನ್ನು ಓದಿ ಅಭ್ಯಾಸವಾದ ನಮಗೆ ಈ ಮೌನ ಅಪರಿಚಿತವೂ ಅಲ್ಲ.

ನಗರದ ಪಶ್ಚಿಮ ಭಾಗದಲ್ಲಿ ಈ ಮೌನಕ್ಕೆ ತನ್ನದೇ ಆದ ಹಿನ್ನೆಲೆಯುಂಟು. ರಾಜಾಜಿನಗರವು ಸ್ವಾತಂತ್ರ್ಯದ ಹೊಸತರಲ್ಲಿ ಕೈಗಾರಿಕಾ ಉಪನಗರವಾಗಿ ಹುಟ್ಟಿದ್ದು. ಅನಂತರ ಬೆಳೆದ ವಿಜಯನಗರ, ಬಸವೇಶ್ವರನಗರಗಳಲ್ಲಿ ಕಾರ್ಖಾನೆಯ ನೌಕರರು, ಗುಮಾಸ್ತರು, ಉಪಾಧ್ಯಾಯರು ಸಾಲ ಮಾಡಿ ಮನೆ ಕಟ್ಟಿಕೊಂಡರು. ಅಂದು ಹದಿಹರೆಯದಲ್ಲಿದ್ದವರು ಇಂದು ಈ ರೋಗ ಬರುವ ವಯಸ್ಸಿನಲ್ಲಿದ್ದಾರೆ. ತಮ್ಮ ದೇಹದ ಈ ಭಾಗದ ತೊಂದರೆಯನ್ನು ಹೆಂಡತಿಗೂ ಹೇಳಿಕೊಳ್ಳದೆ ಬೆಳೆದ ತಲೆಮಾರು ಅದು. ಸಂಜೆಯ ಉದ್ಯಾನದ ಕಲ್ಲುಬೆಂಚಿನಲ್ಲಿ ಮಂಡಿನೋವಿನ ಚರ್ಚೆ ನಿರಾತಂಕವಾಗಿ ನಡೆಯುತ್ತದೆ, ಹೃದಯದಲ್ಲಿ ಎಷ್ಟು ಸ್ಟೆಂಟ್ ಎಂಬುದನ್ನು ಒಂದು ಬಗೆಯ ಹೆಮ್ಮೆಯಿಂದಲೇ ಹೇಳುತ್ತಾರೆ. ಇದನ್ನು ಮಾತ್ರ ಹೇಳುವುದಿಲ್ಲ. ಒಂದು ದಿನ ಆ ಬೆಂಚಿಗೆ ಬರುವುದನ್ನೇ ನಿಲ್ಲಿಸುತ್ತಾರೆ.

ಚಿಕಿತ್ಸೆಯ ದಿನಚರಿಯಲ್ಲಿಯೇ ಒಂದು ವಿಪರ್ಯಾಸವಿದೆ. ಪ್ರತಿದಿನ ವಿಕಿರಣ ಕೊಡುವಾಗ ಮೂತ್ರಕೋಶವು ಹಿತವಾದಷ್ಟು ತುಂಬಿರಬೇಕೆಂದು ಹೇಳುತ್ತಾರೆ. ತುಂಬಿದ ಮೂತ್ರಕೋಶದ ಮೇಲ್ಭಾಗವು ಕಿರಣಗಳ ಹಾದಿಯಿಂದ ಮೇಲಕ್ಕೆ ಸರಿಯುತ್ತದೆ, ಕರುಳನ್ನೂ ದೂರ ತಳ್ಳುತ್ತದೆ. ಪ್ರತಿದಿನವೂ ಒಂದೇ ಪ್ರಮಾಣದಲ್ಲಿ ತುಂಬಿದ್ದರೆ ಗುರಿ ತಪ್ಪುವುದಿಲ್ಲ. ತರ್ಕ ಸರಿಯಾಗಿಯೇ ಇದೆ. ಆದರೆ ಶಸ್ತ್ರಕ್ರಿಯೆಯಿಂದ ಹತೋಟಿ ಸಡಿಲವಾದವನಿಗೆ, ನೀರು ಕುಡಿದು ಅರ್ಧ ಮುಕ್ಕಾಲು ಗಂಟೆ ತಡೆದುಕೊಂಡು ಕುಳಿತಿರು ಎಂದರೆ ಅದು ಎಷ್ಟು ಕಷ್ಟ! ಕೆಂಗೇರಿಯಿಂದ ಮೈಸೂರು ರಸ್ತೆಯ ಮೂಲಕ ನಗರವನ್ನು ದಾಟಿ ಹೋಗಬೇಕಾದವರು ಮನೆಯಲ್ಲಿ ನೀರು ಕುಡಿಯಬೇಕೋ, ಆಸ್ಪತ್ರೆಯಲ್ಲಿ ಕುಡಿಯಬೇಕೋ ಎಂದು ದಿನವೂ ಲೆಕ್ಕ ಹಾಕುತ್ತಾರೆ. ಮೆಟ್ರೋ ರೈಲು ರಾಜಾಜಿನಗರಕ್ಕೆ ೨೦೧೪ರಲ್ಲಿ, ವಿಜಯನಗರಕ್ಕೆ ೨೦೧೫ರಲ್ಲಿ, ಕೆಂಗೇರಿಗೆ ೨೦೨೧ರಲ್ಲಿ ಬಂದ ಮೇಲೆ ಈ ಲೆಕ್ಕ ಸ್ವಲ್ಪ ಸುಲಭವಾಗಿದೆ, ಏಕೆಂದರೆ ಪ್ರಯಾಣದ ಅವಧಿಯನ್ನು ಮುಂಚಿತವಾಗಿ ಹೇಳಬಹುದು. ಆಸ್ಪತ್ರೆ ತಲಪಿದ ಮೇಲೆ, ಮೂತ್ರಕೋಶವನ್ನು ಬರಿದುಮಾಡಿ, ಅಲ್ಲಿಂದ ಗಡಿಯಾರ ನೋಡಿ ನೀರು ಕುಡಿಯುವುದೇ ಉಚಿತವಾದ ಕ್ರಮ. ತಡೆದುಕೊಳ್ಳಲಾರದವರು ಅದನ್ನು ಮೊದಲನೆಯ ದಿನವೇ ಹೇಳಿದರೆ, ಕಡಿಮೆ ತುಂಬಿದ ಸ್ಥಿತಿಗೆ ಹೊಂದುವಂತೆ ಯೋಜನೆಯನ್ನು ಮಾಡಲು ಅವಕಾಶವಿದೆ. ಚಿಕಿತ್ಸೆ ಅರ್ಧ ನಡೆದ ಮೇಲೆ ಹೇಳಿದರೆ ಕಷ್ಟ.

ಪರಿಹಾರಗಳಿಲ್ಲವೆಂದು ಯಾರೂ ಭಾವಿಸಬೇಕಾಗಿಲ್ಲ. ವಸ್ತಿಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮವನ್ನು ಅಮೆರಿಕದ ಆರ್ನಾಲ್ಡ್ ಕೀಗೆಲ್ ೧೯೪೮ರಲ್ಲಿ ಪ್ರಸೂತಿಯಾದ ಸ್ತ್ರೀಯರಿಗಾಗಿ ವಿವರಿಸಿದನು. ಇಂದು ಅದೇ ಅಭ್ಯಾಸವನ್ನು ಶಸ್ತ್ರಕ್ರಿಯೆಗೆ ಮೊದಲಿನಿಂದಲೇ ಪುರುಷರಿಗೂ ಕಲಿಸುತ್ತಾರೆ. ಹತೋಟಿ ಒಂದು ಮಟ್ಟಕ್ಕೆ ಬಂದು ನಿಲ್ಲುವವರೆಗೆ, ರೋಗದ ಸ್ಥಿತಿ ಅನುಮತಿಸಿದರೆ, ವಿಕಿರಣವನ್ನು ಕೆಲವು ತಿಂಗಳು ತಡೆಯುವುದುಂಟು. ವ್ಯಾಯಾಮದಿಂದ ಗುಣ ಕಾಣದ ತೀವ್ರ ಸೋರಿಕೆಗೆ, ೧೯೭೩ರಲ್ಲಿ ಹ್ಯೂಸ್ಟನ್ನಿನ ಬ್ರಾಂಟ್ಲಿ ಸ್ಕಾಟ್ ಮತ್ತು ಸಹೋದ್ಯೋಗಿಗಳು ವರದಿ ಮಾಡಿದ ಕೃತಕ ವರ್ತುಲ ಸ್ನಾಯುವಿನಿಂದ ಬೆಳೆದುಬಂದ ಸಾಧನವನ್ನು ಒಳಗೆ ಅಳವಡಿಸಬಹುದು. ವಿಕಿರಣ ಪಡೆದವರಲ್ಲಿ ಅದು ಸೋಂಕಿಗೆ ಗುರಿಯಾಗುವ, ನಾಳವನ್ನು ಸವೆಸುವ ಸಂಭವ ಸ್ವಲ್ಪ ಹೆಚ್ಚು, ಬೆಲೆಯಂತೂ ಸಾಮಾನ್ಯರ ಕೈಗೆ ಎಟುಕುವಂತಿಲ್ಲ. ರಕ್ತಸ್ರಾವಕ್ಕೆ ಮೂತ್ರಕೋಶವನ್ನು ತೊಳೆಯುವುದು, ಸ್ರವಿಸುವ ತಾಣವನ್ನು ವಿದ್ಯುತ್ತಿನಿಂದ ಸುಡುವುದು ಮೊದಲಾದ ಕ್ರಮಗಳಿವೆ. ಒತ್ತಡದ ಕೊಠಡಿಯಲ್ಲಿ ಶುದ್ಧ ಆಮ್ಲಜನಕವನ್ನು ಉಸಿರಾಡಿಸುವ ಚಿಕಿತ್ಸೆಯನ್ನು ನಾರ್ಡಿಕ್ ದೇಶಗಳ ವೈದ್ಯರು ೮೭ ಮಂದಿಯನ್ನು ಸೇರಿಸಿಕೊಂಡು ಪರೀಕ್ಷಿಸಿ ೨೦೧೯ರಲ್ಲಿ ಪ್ರಕಟಿಸಿದರು. ೩೦ರಿಂದ ೪೦ ಸಲ ಕೊಟ್ಟ ಮೇಲೆ ಲಕ್ಷಣಗಳು ಗಣನೀಯವಾಗಿ ಇಳಿದುವು. ರಕ್ತನಾಳಗಳ ಕೊರತೆಯಿಂದ ಬಂದ ರೋಗಕ್ಕೆ ಆಮ್ಲಜನಕವೇ ಮದ್ದಾಗುವುದು ಮೇಲೆ ಹೇಳಿದ ಕಾರಣಪರಂಪರೆಗೆ ಒಪ್ಪುವಂತೆಯೇ ಇದೆ.

ಇಷ್ಟನ್ನೆಲ್ಲ ಮೊದಲೇ ಹೇಳಿದರೆ ರೋಗಿ ಹೆದರಿ ಚಿಕಿತ್ಸೆಯನ್ನೇ ಬಿಟ್ಟಾನೆಂಬ ವಾದವನ್ನು ನಾನು ಕೇಳಿದ್ದೇನೆ. ಈ ವಾದ ನನಗೆ ಒಪ್ಪಿಗೆಯಿಲ್ಲ. ತೀವ್ರವಾದ ಉಪದ್ರವ ಬರುವುದು ಕೆಲವರಿಗೆ ಮಾತ್ರ. ಮರುಕಳಿಸಿದ ಕ್ಯಾನ್ಸರನ್ನು ಪೂರ್ಣವಾ‌ಗಿ ಗುಣಪಡಿಸುವ ಅವಕಾಶವನ್ನು ಈ ಹಂತದಲ್ಲಿ ವಿಕಿರಣವಲ್ಲದೆ ಬೇರೆ ಚಿಕಿತ್ಸೆ ಅಷ್ಟಾಗಿ ಕೊಡಲಾರದು. ಇವೆರಡನ್ನೂ ಒಟ್ಟಿಗೆ ಹೇಳಿದರೆ ಹೆದರುವವರಿಗಿಂತ ಸಿದ್ಧರಾಗುವವರೇ ಹೆಚ್ಚು. ನನ್ನ ಮಾವನವರನ್ನು ಕುಗ್ಗಿಸಿದ್ದು ಸೋರಿಕೆಯಲ್ಲ. ಅದು ಕ್ಯಾನ್ಸರೇ ಮರಳಿದುದರ ಚಿಹ್ನೆಯೆಂದು ನಾಲ್ಕು ತಿಂಗಳು ಯಾರಿಗೂ ಹೇಳದೆ ನಂಬಿಕೊಂಡಿದ್ದುದು.

ಅವರು ಈಗ ಒಂದು ನೋಟ್ ಪುಸ್ತಕವನ್ನು ಇಟ್ಟಿದ್ದಾರೆ. ವೈದ್ಯರ ಸೂಚನೆಯಂತೆ ಕುಡಿದ ನೀರು, ಹೋದ ಮೂತ್ರ, ಹೊತ್ತು, ಬದಲಾಯಿಸಿದ ಬಟ್ಟೆ, ಎಲ್ಲವನ್ನೂ ಕಂಬಸಾಲಿನಲ್ಲಿ ಬರೆಯುತ್ತಾರೆ. ಮೊದಲು ಮೂರು ದಿನಗಳಿಗೆಂದು ಹೇಳಿದ್ದನ್ನು ಎರಡು ವರ್ಷಗಳಿಂದ ಬಿಟ್ಟಿಲ್ಲ. ಮೊದಲ ಪುಟಗಳಲ್ಲಿ ರಾತ್ರಿಯ ಕಾಲಂ ತುಂಬ ಗುರುತುಗಳಿವೆ. ಔಷಧಿ ಬದಲಾದ ವಾರ, ವ್ಯಾಯಾಮ ಕಲಿತ ವಾರ ಅಂಚಿನಲ್ಲಿ ಕೆಂಪು ಗೀಟುಗಳಿವೆ. ಕಳೆದ ಯುಗಾದಿಯ ದಿನ ರಾತ್ರಿಯ ಕಾಲಮಿನಲ್ಲಿ ‘೨’ ಎಂದಿದೆ. ಅದರ ಪಕ್ಕದಲ್ಲಿ, ವೈದ್ಯರಿಗೆ ಸಂಬಂಧಿಸದ ಒಂದು ಟಿಪ್ಪಣಿ: ‘ಸಂಜೆ ಪಾರ್ಕಿಗೆ ಹೋಗಿದ್ದೆ. ಒಂದು ಗಂಟೆ.’